ಡ್ರಾಯಿಂಗ್ ಪುಸ್ತಕ ಮುಚ್ಚಿಸುವ ಮೊದಲು

ಪ್ರತಿ ವರ್ಷ ಶಾಲೆ ಶುರುವಾಗಿ ಸ್ವಲ್ಪ ದಿನ ಕಳೆಯುವಾಗ ಹೈಸ್ಕೂಲ್ ಮಕ್ಕಳಿರುವ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗ ಅಥವಾ ಮಗಳು ಬಂದು, "ಉಮ್ಮಾ, ಶಾಲೆಯಲ್ಲಿ ಡ್ರಾಯಿಂಗ್ ಕ್ಲಾಸ್ ಉಂಟು, ಸೇರ್ಲಾ? ಗ್ರೇಡ್ ಪರೀಕ್ಷೆಗೆ ಹೆಸರು ಕೊಡ್ಲಾ?" ಎಂದು ಕೇಳುತ್ತಾರೆ. ಉಮ್ಮ ಉಪ್ಪನ ಮುಖ ನೋಡುತ್ತಾರೆ. ಉಪ್ಪ ಗಲ್ಫಿನಲ್ಲಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಹೋಗುತ್ತದೆ. ಕೊನೆಗೆ ಮದ್ರಸದ ಉಸ್ತಾದರಲ್ಲಿ ಕೇಳುವ ಎಂದು ತೀರ್ಮಾನ ಆಗುತ್ತದೆ. ಹಾಗಾಗಿ ಈ ಪ್ರಶ್ನೆ ನಮ್ಮಂಥವರ ಬಳಿಗೆ ವರ್ಷವರ್ಷವೂ ಬರುತ್ತದೆ. ಕೆಲವು ಮನೆಗಳಲ್ಲಿ ನಮ್ಮ ತನಕ ಬರುವುದೇ ಇಲ್ಲ, ಅಡುಗೆ ಮನೆಯಲ್ಲೇ ಮುಗಿದು ಹೋಗುತ್ತದೆ. ಅಲ್ಲಿ ಸಿಗುವ ಉತ್ತರ ಎರಡೇ. ಒಂದು, "ಚಿತ್ರ ಬಿಡಿಸುವುದು ಹರಾಂ." ಇನ್ನೊಂದು, "ಅದರಿಂದ ಎಂತ ಸಿಗ್ಲಿಕ್ಕುಂಟು? ಗಣಿತ ಓದು."

ಈ ಎರಡು ಉತ್ತರಗಳನ್ನೂ ನಾವು ತುಂಬ ಅವಸರದಲ್ಲಿ ಕೊಡುತ್ತಿದ್ದೇವೆ ಎನ್ನುವುದು ನಮ್ಮ ಅಭಿಪ್ರಾಯ. ಮೊದಲನೆಯ ಉತ್ತರದಲ್ಲಿ ದೀನ್ ಹೇಳಿದ್ದಕ್ಕಿಂತ ಜಾಸ್ತಿಯನ್ನು ನಾವು ದೀನಿನ ಹೆಸರಲ್ಲಿ ಹೇಳುತ್ತೇವೆ. ಎರಡನೆಯದರಲ್ಲಿ ದುನಿಯಾದ ಲೆಕ್ಕವನ್ನೇ ತಪ್ಪಾಗಿ ಹಾಕುತ್ತೇವೆ. ನಡುವೆ ನಷ್ಟ ಆಗುವುದು ಹದಿಮೂರು ಹದಿನಾಲ್ಕು ವರ್ಷದ ಒಂದು ಮಗುವಿಗೆ.

ಮೊದಲು ದೀನಿನ ವಿಷಯವನ್ನೇ ತೆಗೆದುಕೊಳ್ಳೋಣ. ಇಲ್ಲಿ ನಾವು ಯಾವ ಹುಕ್ಮನ್ನೂ ಸಡಿಲ ಮಾಡಲು ಹೊರಟಿಲ್ಲ. ಜೀವ ಇರುವವುಗಳ, ಅಂದರೆ ಮನುಷ್ಯ ಮತ್ತು ಪ್ರಾಣಿಗಳ ರೂಪ ರಚಿಸುವುದರ ಬಗ್ಗೆ ಹದೀಸ್‌ಗಳಲ್ಲಿ ಗಂಭೀರ ಎಚ್ಚರಿಕೆ ಇದೆ. ಸಹೀಹ್ ಮುಸ್ಲಿಮಿಗೆ ವಿವರಣೆ ಬರೆದ ಇಮಾಂ ನವವಿ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಶಾಫಿಈ ಮದ್‌ಹಬ್ ಅನುಸರಿಸುವ ಕರಾವಳಿಯ ನಮಗೆ ಅವರ ಮಾತು ದೂರದ್ದಲ್ಲ. ಆದರೆ ಅದೇ ಇಮಾಂ ನವವಿ ಅದೇ ಜಾಗದಲ್ಲಿ ಮರ ಗಿಡಗಳಂಥ ಜೀವವಿಲ್ಲದ ವಸ್ತುಗಳ ಚಿತ್ರಕ್ಕೆ ಈ ನಿಷೇಧ ಇಲ್ಲ ಎಂದೂ ಹೇಳಿದ್ದಾರೆ. ನಮ್ಮಲ್ಲಿ ಅರ್ಧ ಜನರಿಗೆ ಮೊದಲ ಭಾಗ ಗೊತ್ತುಂಟು, ಎರಡನೆಯ ಭಾಗ ಕೇಳಿಯೇ ಗೊತ್ತಿಲ್ಲ.

ಇಬ್ನು ಅಬ್ಬಾಸ್ (ರ) ಅವರ ಒಂದು ಘಟನೆ ಸಹೀಹುಲ್ ಬುಖಾರಿಯಲ್ಲಿದೆ. ತನ್ನ ಕೈಕೆಲಸದಿಂದಲೇ ಬದುಕುವ ಒಬ್ಬ ಮನುಷ್ಯ ಅವರ ಬಳಿ ಬಂದು, ತಾನು ಚಿತ್ರಗಳನ್ನು ಮಾಡಿ ಜೀವನ ಸಾಗಿಸುವವನು ಎಂದು ಹೇಳಿಕೊಂಡ. ಇಬ್ನು ಅಬ್ಬಾಸರು ಪ್ರವಾದಿಯವರಿಂದ (ಸ) ತಾವು ಕೇಳಿದ ಎಚ್ಚರಿಕೆಯನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಮನುಷ್ಯನ ಮುಖ ಬಿಳುಪೇರಿತು. ಆಗ ಅವರು, ಮಾಡಲೇಬೇಕೆಂದಿದ್ದರೆ ಮರವನ್ನು ಮಾಡು, ಜೀವವಿಲ್ಲದ್ದನ್ನು ಮಾಡು ಎಂಬ ಅರ್ಥದ ಮಾತು ಹೇಳಿ ಅವನಿಗೆ ದಾರಿ ತೋರಿಸಿದರು. ಉಸ್ತಾದರಾದ ನಮಗೂ ಮನೆಯ ಹಿರಿಯರಿಗೂ ಇದರಲ್ಲಿ ದೊಡ್ಡ ಪಾಠ ಉಂಟು. ಹುಕ್ಮನ್ನು ಅವರು ಮುಚ್ಚಿಡಲಿಲ್ಲ. ಆದರೆ ಎದುರಿಗಿದ್ದವನ ಕೈಯ ಕಸುಬನ್ನು ಎಸೆದು ಹೋಗು ಎನ್ನಲಿಲ್ಲ. ಆ ಕೈಗೆ ಯಾವ ಕಡೆ ಹೋಗಬಹುದು ಎಂದು ಹೇಳಿ ಕಳಿಸಿದರು. ನಾವು ಮಕ್ಕಳಿಗೆ ಮೊದಲ ಅರ್ಧ ಮಾತ್ರ ಹೇಳಿ ಬಾಗಿಲು ಹಾಕುತ್ತಿದ್ದೇವೆ.

ಈಗ ಹೈಸ್ಕೂಲಿನ ಡ್ರಾಯಿಂಗ್ ಕ್ಲಾಸಿನಲ್ಲಿ ಎಂತ ಕಲಿಸುತ್ತಾರೆ ಎಂದು ನೋಡಿ. ಮೇಜಿನ ಮೇಲೆ ಹೂಜಿ, ಲೋಟ, ಪುಸ್ತಕ ಇಟ್ಟು ಅದನ್ನು ನೋಡಿ ಬಿಡಿಸುವುದು. ಎಲೆ, ಹೂವು, ಕಾಯಿ. ಬಳ್ಳಿಯ ಅಲಂಕಾರ ವಿನ್ಯಾಸ. ಸ್ಕೇಲ್ ಮತ್ತು ಕೈವಾರದಲ್ಲಿ ವೃತ್ತ, ಷಟ್ಕೋನ, ನಕ್ಷತ್ರದ ರಚನೆ. ಅಕ್ಷರ ಬರವಣಿಗೆ. ಮನೆ, ರಸ್ತೆ, ಗುಡ್ಡ, ಹೊಳೆಯ ದೃಶ್ಯ. ದೂರದ್ದು ಸಣ್ಣದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವುದನ್ನು ಕಾಗದದ ಮೇಲೆ ತರುವುದು. ನೆರಳು ಬೆಳಕು, ಬಣ್ಣದ ಮಿಶ್ರಣ. ಇದರ ಜೊತೆಗೆ ಮನುಷ್ಯರ ಮತ್ತು ಪ್ರಾಣಿಗಳ ಚಿತ್ರವೂ ಬರುತ್ತದೆ, ಇಲ್ಲ ಎಂದು ಹೇಳುವುದಿಲ್ಲ. ಆದರೆ ಇಡೀ ಕ್ಲಾಸ್ ಅದಲ್ಲ. ಹತ್ತು ಪಾಠದಲ್ಲಿ ಎರಡರ ಬಗ್ಗೆ ಪ್ರಶ್ನೆ ಇದ್ದರೆ ಆ ಎರಡರ ಬಗ್ಗೆ ಮಾತಾಡಬೇಕೇ ಹೊರತು ಹತ್ತನ್ನೂ ಬಿಡಿಸುವುದಲ್ಲ.

ಮಾತಾಡುವುದು ಕಷ್ಟದ ಕೆಲಸವೂ ಅಲ್ಲ. ತಂದೆಯೋ ತಾಯಿಯೋ ಒಂದು ದಿನ ಶಾಲೆಗೆ ಹೋಗಿ ಡ್ರಾಯಿಂಗ್ ಮೇಷ್ಟ್ರನ್ನು ಕಂಡು, "ಸರ್, ಜೀವಿಗಳ ಚಿತ್ರದ ವಿಷಯದಲ್ಲಿ ನಮ್ಮ ಧರ್ಮದಲ್ಲಿ ಹೀಗೊಂದು ನಿಯಮ ಉಂಟು. ಅಂಥ ಪಾಠ ಬಂದಾಗ ಇವನಿಗೆ ಬೇರೆ ವಸ್ತು ಕೊಡ್ಲಿಕ್ಕಾಗುತ್ತದಾ?" ಎಂದು ಮರ್ಯಾದೆಯಿಂದ ಕೇಳಿದರೆ ಹೆಚ್ಚಿನ ಶಿಕ್ಷಕರು ಇಲ್ಲ ಎನ್ನುವುದಿಲ್ಲ. ಅವರಿಗೂ ಕಲಿಯುವ ಆಸೆ ಇರುವ ಮಗು ಬೇಕು. ಏನೂ ಹೇಳದೆ ಮಗುವನ್ನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿಸಿದರೆ ಮೇಷ್ಟ್ರಿಗೆ ಕಾರಣ ಗೊತ್ತಾಗುವುದಿಲ್ಲ. ಉಳಿದ ಮಕ್ಕಳು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಇಲ್ಲಿ ಕೆಲವು ಓದುಗರು, ಅದರಲ್ಲೂ ಕಾಲೇಜು ಓದಿದ ಯುವಕರು, ನಮ್ಮನ್ನು ಬೇರೆ ಕಡೆಯಿಂದ ಕೇಳಬಹುದು. "ಉಸ್ತಾದ್, ಎಲ್ಲರ ಮೊಬೈಲಿನಲ್ಲೂ ಸಾವಿರ ಫೋಟೋ ಉಂಟು. ಆಧಾರ್‌ಗೆ ಫೋಟೋ ಬೇಕು, ಹಜ್ಜಿಗೆ ಹೋಗುವ ಪಾಸ್‌ಪೋರ್ಟಿಗೂ ಬೇಕು. ಮಗು ಪೆನ್ಸಿಲಿನಲ್ಲಿ ಒಂದು ಬೆಕ್ಕು ಬಿಡಿಸಿದರೆ ಮಾತ್ರ ನಿಮಗೆ ತೊಂದರೆಯಾ?" ಪ್ರಶ್ನೆ ನ್ಯಾಯದ್ದೇ. ಕ್ಯಾಮೆರಾದ ಫೋಟೋ ವಿಷಯದಲ್ಲಿ ಇಂದಿನ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದೆ. ಕೈಯಲ್ಲಿ ಬಿಡಿಸುವ ಚಿತ್ರದ ವಿಷಯದಲ್ಲೂ ಎಲ್ಲರ ಮಾತು ಒಂದೇ ಅಲ್ಲ. ಆ ಚರ್ಚೆಯನ್ನು ಪತ್ರಿಕೆಯ ಒಂದು ಪುಟದಲ್ಲಿ ನಾವು ತೀರ್ಮಾನ ಮಾಡುವುದು ಸರಿಯಲ್ಲ, ನಿಮ್ಮ ಖತೀಬರಲ್ಲಿ, ನೀವು ನಂಬುವ ಆಲಿಮರಲ್ಲಿ ಕೇಳಿ. ಆದರೆ ಒಂದು ಮಾತು ಹೇಳಬೇಕು. ಮದುವೆಗೆ ವಿಡಿಯೊದವರನ್ನು ಕರೆಸಿ, ದಿನಕ್ಕೆ ಹತ್ತು ಸೆಲ್ಫಿ ಸ್ಟೇಟಸ್‌ಗೆ ಹಾಕುವ ಮನೆಯಲ್ಲಿ, ಮಗು ತೆಂಗಿನ ಮರ ಬಿಡಿಸಿದ ಕಾಗದ ಹಿಡಿದು "ಹರಾಂ" ಎಂದರೆ ಆ ಮಗು ದೀನಿನ ಬಗ್ಗೆ ಎಂತ ಕಲಿಯುತ್ತದೆ? ದೊಡ್ಡವರಿಗೆ ಬೇಕಾದದ್ದು ಹಲಾಲ್, ನಮಗೆ ಬೇಕಾದದ್ದು ಹರಾಂ ಎಂದು ಕಲಿಯುತ್ತದೆ. ಹತ್ತು ವರ್ಷ ಮದ್ರಸದಲ್ಲಿ ನಾವು ಹೇಳಿಕೊಟ್ಟದ್ದಕ್ಕೆ ಅದರಿಂದ ಆಗುವ ಪೆಟ್ಟು ಸಣ್ಣದಲ್ಲ.

ಚಿತ್ರಕಲೆಗೂ ನಮಗೂ ಸಂಬಂಧ ಇಲ್ಲ ಎನ್ನುವವರು ಒಮ್ಮೆ ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಹೋಗಿ ಒಳಗಿನ ಮರದ ಕಂಬಗಳನ್ನು ನೋಡಬೇಕು. ಆ ಕೆತ್ತನೆ ಮಾಡಿದವರು ಉಳಿ ಹಿಡಿಯುವ ಮೊದಲು ಮರದ ಮೇಲೆ ಗೆರೆ ಹಾಕಿದ್ದಾರೆ, ಗೆರೆ ಹಾಕಲು ಯಾರಿಂದಲೋ ಕಲಿತಿದ್ದಾರೆ. ಇನ್ನೂ ದೂರ ಹೋಗುವುದಾದರೆ ನಮ್ಮದೇ ರಾಜ್ಯದ ವಿಜಯಪುರ ಉಂಟು. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅರಬಿ ಅಕ್ಷರಗಳನ್ನೇ ಕಲ್ಲಿನ ಜಾಲಂಧ್ರದಂತೆ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ. ಅಲ್ಲಿನ ಜಾಮಿಅ ಮಸೀದಿಯ ಮಿಹ್ರಾಬನ್ನು 1636ರಲ್ಲಿ ಚಿನ್ನದ ಬಣ್ಣದಲ್ಲಿ, ಬರಹದಲ್ಲಿ ಅಲಂಕರಿಸಿದರು. ನೋಡಿದವರು ಇವತ್ತಿಗೂ ಕಣ್ಣು ತೆಗೆಯದೆ ನಿಲ್ಲುತ್ತಾರೆ.

ಅಕ್ಷರದ ವಿಷಯಕ್ಕೇ ಬಂದರೆ, ಬಗ್ದಾದಿನ ವಝೀರ್ ಇಬ್ನು ಮುಖ್ಲ ಎಂಬವರು 940ರಲ್ಲಿ ತೀರಿಕೊಂಡವರು. ಅರಬಿ ಅಕ್ಷರಗಳಿಗೆ ಅಳತೆ ಹಾಕಿಕೊಟ್ಟವರು ಅವರು. ಲೇಖನಿಯ ತುದಿ ಒತ್ತಿದಾಗ ಮೂಡುವ ಚುಕ್ಕಿಯಿಂದ ಅಲಿಫಿನ ಎತ್ತರ ಅಳೆದು, ಆ ಅಲಿಫನ್ನೇ ವ್ಯಾಸವಾಗಿಟ್ಟು ವೃತ್ತ ಎಳೆದು, ಉಳಿದ ಅಕ್ಷರಗಳ ಬಾಗು ಬಳುಕನ್ನು ಅದರೊಳಗೆ ಹೊಂದಿಸುವ ಲೆಕ್ಕ ಅದು. ಇದು ಜ್ಯಾಮಿತಿಯೂ ಹೌದು, ಚಿತ್ರಕಲೆಯೂ ಹೌದು. ಕಣ್ಣಿಗೆ ವಸ್ತು ಹೇಗೆ ಕಾಣುತ್ತದೆ ಎಂದು ಪರೀಕ್ಷೆ ಮಾಡಿ ದೊಡ್ಡ ಗ್ರಂಥ ಬರೆದವರು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್. ಅವರ ಕಿತಾಬ್ ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನವರ ಕೈ ಸೇರಿತು. ನೋಟದ ಬಗ್ಗೆ ಅಲ್ಲಿನವರು ಮಾಡಿದ ಚಿಂತನೆಗೆ ಅದೂ ಒಂದು ಬುನಾದಿ. ಜೀವಿಗಳ ರೂಪಕ್ಕೆ ಗಡಿ ಹಾಕಿಕೊಂಡ ಸಮುದಾಯ ಕೈಕಟ್ಟಿ ಕೂತಿರಲಿಲ್ಲ. ಗೆರೆ, ಕೋನ, ಬಳ್ಳಿ, ಅಕ್ಷರಗಳಲ್ಲೇ ಇಷ್ಟೆಲ್ಲ ಮಾಡಿತು.

ಇವತ್ತು ನಮ್ಮ ಊರುಗಳ ಕಥೆ ನೋಡಿ. ಕರಾವಳಿಯಲ್ಲಿ ಹೊಸ ಮಸೀದಿ ಕಟ್ಟದ, ಹಳೆಯದನ್ನು ದೊಡ್ಡದು ಮಾಡದ ಮಹಲ್ಲ್ ಎಷ್ಟು ಉಂಟು? ಮಿಂಬರಿನ ಕೆತ್ತನೆ, ಬಾಗಿಲಿನ ಡಿಸೈನ್, ಸೀಲಿಂಗಿನ ಪಟ್ಟಿ, ಕಮಾನಿನ ಬರಹ, ಎಲ್ಲದಕ್ಕೂ ಹೊರಗಿನವರನ್ನು ಹುಡುಕುತ್ತೇವೆ. ಸಿಎನ್‌ಸಿ ಮೆಷಿನ್ ಈಗ ಎಲ್ಲ ಕಡೆ ಬಂದಿದೆ, ಮರದ ವ್ಯಾಪಾರದಲ್ಲಿ ನಮ್ಮವರು ಬೇಕಾದಷ್ಟು ಇದ್ದಾರೆ. ಆದರೆ ಮೆಷಿನ್ ಕೊರೆಯುವುದು ಕೊಟ್ಟ ಡಿಸೈನನ್ನು, ಅದಾಗಿ ಡಿಸೈನ್ ಮಾಡುವುದಿಲ್ಲ. ಇಂಟರ್ನೆಟ್‌ನಿಂದ ಇಳಿಸಿದ ಅದೇ ನಾಲ್ಕು ನಮೂನೆ ಊರೂರಿನ ಬಾಗಿಲುಗಳಲ್ಲಿ ಕಾಣುತ್ತದೆ. ಮೀಲಾದಿನ ಸಮಯದಲ್ಲಿ ರಸ್ತೆಯ ಫ್ಲೆಕ್ಸ್‌ಗಳನ್ನು ಗಮನಿಸಿ. ಅರಬಿ ಬರಹದಲ್ಲಿ ಚುಕ್ಕಿ ತಪ್ಪಿರುತ್ತದೆ, ಕೂಡಬೇಕಾದ ಅಕ್ಷರ ಬಿಡಿಬಿಡಿಯಾಗಿರುತ್ತದೆ, ಕೆಲವೊಮ್ಮೆ ಇಡೀ ಸಾಲು ಹಿಂದುಮುಂದಾಗಿರುತ್ತದೆ. ಡಿಸೈನ್ ಮಾಡಿದವನಿಗೆ ಅರಬಿ ಗೊತ್ತಿಲ್ಲ, ಅರಬಿ ಗೊತ್ತಿರುವ ನಮ್ಮ ಹುಡುಗನಿಗೆ ಡಿಸೈನ್ ಗೊತ್ತಿಲ್ಲ. 2020ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ನಮ್ಮ ಭಾಷೆಗೆಂದು ಒಂದು ಲಿಪಿಯನ್ನು ಹೊರತಂದಿತು. ಆ ಲಿಪಿ ಉಳಿಯಬೇಕಾದರೆ ಅದರ ಅಕ್ಷರಗಳನ್ನು ಚಂದಕ್ಕೆ ಬರೆಯುವ, ಬೋರ್ಡಿಗೆ, ಪುಸ್ತಕಕ್ಕೆ, ಫೋನಿಗೆ ಹೊಂದಿಸುವ ಕೈಗಳು ಬೇಕಲ್ಲವಾ? ಆ ಕೈಗಳು ಎಲ್ಲಿಂದ ಬರಬೇಕು?

ಇನ್ನು "ಎಂತ ಸಿಗ್ಲಿಕ್ಕುಂಟು" ಎಂಬ ಎರಡನೆಯ ಮಾತಿಗೆ ಬರೋಣ. ಎಸೆಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕಲೆಯ ಪೇಪರ್ ಇಲ್ಲ, ನಿಜ. ಆದರೆ ವಿಜ್ಞಾನದಲ್ಲಿ ಕಣ್ಣಿನ, ಹೃದಯದ, ಹೂವಿನ ಚಿತ್ರ ಬಿಡಿಸಿ ಭಾಗ ಗುರುತಿಸಬೇಕು. ಗಣಿತದಲ್ಲಿ ಗ್ರಾಫ್ ಉಂಟು. ಸಮಾಜದಲ್ಲಿ ಭಾರತದ ನಕ್ಷೆ ಉಂಟು. ಕೈ ಪಳಗದ ಮಗು ಅಲ್ಲಿ ಅಂಕವನ್ನೂ ಕಳೆದುಕೊಳ್ಳುತ್ತದೆ, ಸಮಯವನ್ನೂ ಕಳೆದುಕೊಳ್ಳುತ್ತದೆ.

ಪಿಯುಸಿ ನಂತರದ ದಾರಿ ನೋಡಿ. ಆರ್ಕಿಟೆಕ್ಟ್ ಆಗಬೇಕಾದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದರೆ ಸಾಲದು, 'ನಾಟಾ'ದಂಥ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಚಿತ್ರ ಬಿಡಿಸುವ ಭಾಗ ಉಂಟು. ಆಮೇಲೆ ಐದು ವರ್ಷದ ಕೋರ್ಸ್. ಐಐಟಿಗಳಲ್ಲಿ ಡಿಸೈನ್ ಪದವಿಗೆ ಸೇರಲು 'ಯುಸೀಡ್' ಪರೀಕ್ಷೆ ಉಂಟು, ಅದನ್ನು ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಬರೆಯಬಹುದು. ಅದರಲ್ಲೂ ಡ್ರಾಯಿಂಗ್ ಉಂಟು. ಬಟ್ಟೆ ಮತ್ತು ಫ್ಯಾಷನ್ ವಿನ್ಯಾಸಕ್ಕೆ 'ನಿಫ್ಟ್' ಉಂಟು, ಬೆಂಗಳೂರಿನಲ್ಲೇ ಅದರ ಕ್ಯಾಂಪಸ್ ಉಂಟು. ದೃಶ್ಯಕಲೆಯಲ್ಲೇ ಪದವಿ ಮಾಡುವವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ 'ಕಾವಾ', ನಮ್ಮ ಮಂಗಳೂರಿನ ಮಹಾಲಸಾ ಕಾಲೇಜು ಇವೆ. ಕಾಲೇಜಿನ ಹೊರಗೂ ಕೆಲಸ ಉಂಟು. ಮನೆಯ ಒಳಾಂಗಣ, ಆಭರಣದ ವಿನ್ಯಾಸ, ಬುರ್ಖಾ ಮತ್ತು ಮಕ್ಕಳ ಬಟ್ಟೆಯ ಕಸೂತಿ, ಪುಸ್ತಕದ ಪುಟ, ಪ್ಯಾಕೆಟಿನ ಮುಖ, ಕಟ್ಟಡದ ಪ್ಲಾನ್. ಮನೆ ಕಟ್ಟಲು ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿಯುವ ಸಮುದಾಯ ನಮ್ಮದು. ಆ ಮನೆಯ ನಕ್ಷೆ ಹಾಕುವ ಫೀಸನ್ನು ನಾವು ಬೇರೆಯವರ ಮಕ್ಕಳಿಗೆ ಕೊಡುತ್ತೇವೆ, ನಮ್ಮ ಮಕ್ಕಳಿಗೆ ಪೆನ್ಸಿಲ್ ಬೇಡ ಎನ್ನುತ್ತೇವೆ.

ಹದಿನೆಂಟನೆಯ ವಯಸ್ಸಿನಲ್ಲಿ ಪ್ರವೇಶ ಪರೀಕ್ಷೆಗೆ ಮೂರು ತಿಂಗಳ ಕೋಚಿಂಗ್ ಹಾಕಿದರೆ ಕೈ ಬರುವುದಿಲ್ಲ. ಕೈ ಬರುವುದು ಎಂಟನೆಯಿಂದ ಹತ್ತನೆಯ ತನಕದ ಆ ಮೂರು ವರ್ಷಗಳಲ್ಲಿ ವಾರಕ್ಕೊಂದು ಎರಡು ಪೀರಿಯಡ್ ಕೂತು ಮಾಡಿದರೆ. ಕುರ್‌ಆನ್ ಓದು ಹೇಗೆ ಸಣ್ಣ ಪ್ರಾಯದಲ್ಲೇ ನಾಲಿಗೆಗೆ ಕೂರಬೇಕೋ ಇದೂ ಹಾಗೆಯೇ. ನಮ್ಮ ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳು ಇರುವುದು ಮಕ್ಕಳನ್ನು ಈ ಪ್ರಾಯದಲ್ಲಿ ಹಂತಹಂತವಾಗಿ ಪಳಗಿಸುವುದಕ್ಕೆ.

ಒಂದು ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಗ್ರೇಡ್ ಪರೀಕ್ಷೆಯಲ್ಲೋ ಪ್ರವೇಶ ಪರೀಕ್ಷೆಯಲ್ಲೋ ಮನುಷ್ಯರಿರುವ ದೃಶ್ಯ ಬಿಡಿಸಲು ಕೇಳಬಹುದು. ಕಟ್ಟಡದ ಚಿತ್ರದಲ್ಲೂ ಅಳತೆ ಗೊತ್ತಾಗಲೆಂದು ಆಳಿನ ಆಕಾರ ಹಾಕುತ್ತಾರೆ. ಆಗ ಎಂತ ಮಾಡುವುದು? ನಮ್ಮ ಸಲಹೆ ಇಷ್ಟೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಹಿಡಿದು ಮಗನನ್ನೂ ಕರೆದುಕೊಂಡು ತಿಳಿದ ಆಲಿಮರ ಬಳಿ ಹೋಗಿ. ಇಂಥ ಪ್ರಶ್ನೆ ಇದೆ, ಹೀಗೆ ಬಿಡಿಸಬೇಕಾಗುತ್ತದೆ, ಮುಖದ ವಿವರ ಇಲ್ಲದ ಗೆರೆಯ ಆಕಾರ ಆದರೆ ಹೇಗೆ, ಎಂದು ಒಂದೊಂದಾಗಿ ತೋರಿಸಿ ಕೇಳಿ. ತೋರಿಸಿ ಕೇಳಿದ ಪ್ರಶ್ನೆಗೆ ಸಿಗುವ ಉತ್ತರ ಬೇರೆ, "ಉಸ್ತಾದ್, ಡ್ರಾಯಿಂಗ್ ಆಗುತ್ತದಾ" ಎಂದು ಗೇಟಿನ ಬಳಿ ನಿಂತು ಕೇಳಿದ್ದಕ್ಕೆ ಸಿಗುವ ಉತ್ತರ ಬೇರೆ. ನಾವು ಉಸ್ತಾದರೂ ಕ್ಲಾಸಿನ ಪುಸ್ತಕ ತರಿಸಿ ನೋಡದೆ ಒಂದೇ ಶಬ್ದದಲ್ಲಿ ಹೇಳಿ ಕಳಿಸಬಾರದು. ಹದಿನೆಂಟರಲ್ಲಿ ಬರಬಹುದಾದ ಒಂದು ಪ್ರಶ್ನೆಗೆ ಹೆದರಿ ಹದಿಮೂರರಲ್ಲೇ ಇಡೀ ದಾರಿ ಮುಚ್ಚುವುದು ತಖ್ವಾ ಅಲ್ಲ.

ಹೆಣ್ಣು ಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ನಮ್ಮ ಮದುವೆ ಮನೆಗಳಲ್ಲಿ ಮದರಂಗಿ ಹಾಕುವ ಹುಡುಗಿಯರನ್ನು ನೋಡಿ. ಯಾರೂ ಕಲಿಸದೆ, ಒಂದು ಕೋನ್ ಹಿಡಿದು, ಅಳಿಸಲು ಅವಕಾಶವೇ ಇಲ್ಲದ ಕಡೆ, ಎಡಗೈಯಲ್ಲಿ ಹಾಕಿದ ಬಳ್ಳಿಯನ್ನೇ ಬಲಗೈಯಲ್ಲಿ ತಿರುಗಿಸಿ ಹಾಕುತ್ತಾರೆ. ಅದು ಸಣ್ಣ ವಿದ್ಯೆಯಲ್ಲ. ಎಲ್ಲರೂ "ಮಾಷಾ ಅಲ್ಲಾಹ್" ಎನ್ನುತ್ತಾರೆ. ಅದೇ ಹುಡುಗಿ ಅದೇ ಬಳ್ಳಿಯನ್ನು ಶಾಲೆಯ ಡ್ರಾಯಿಂಗ್ ಶೀಟಿನ ಮೇಲೆ ಹಾಕಿದರೆ ಮಾತ್ರ ನಮಗೆ ಅದು ಸಮಯ ಹಾಳು ಎಂದು ಕಾಣುತ್ತದೆ. ನಮ್ಮ ಹೆಣ್ಣು ಮಕ್ಕಳು ಎಸೆಸೆಲ್ಸಿಯಲ್ಲಿ, ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆಯುತ್ತಾರೆ. ಆಮೇಲೆ ಎಂತ ಎಂಬ ಪ್ರಶ್ನೆಗೆ ಹಲವು ಮನೆಗಳಲ್ಲಿ ಉತ್ತರ ಇಲ್ಲ. ಮನೆಯಲ್ಲಿದ್ದೇ, ಮರ್ಯಾದೆಯಿಂದ, ತನ್ನ ಕೈಯ ವಿದ್ಯೆಯಿಂದ ನಾಲ್ಕು ಕಾಸು ಸಂಪಾದನೆ ಮಾಡುವ ದಾರಿಗಳಲ್ಲಿ ವಿನ್ಯಾಸದ ಕೆಲಸ ಒಂದು. ಅವಳಿಗೆ ಆ ದಾರಿ ಬೇಕಾ ಬೇಡವಾ ಎಂದು ಅವಳು ಮುಂದೆ ತೀರ್ಮಾನ ಮಾಡಲಿ. ತೀರ್ಮಾನ ಮಾಡಲು ಕೈಯಲ್ಲಿ ವಿದ್ಯೆ ಇರಬೇಕು.

ಶಾಲೆಗಳ ಕಡೆಗೂ ಒಂದು ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯ ತನಕ ಕಲಾ ಶಿಕ್ಷಣ ಕಡ್ಡಾಯ ಇರಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿ ಪಾಠ ಮತ್ತು ಪಠ್ಯೇತರ ಎಂಬ ಗೋಡೆ ಬೇಡ ಎಂದಿತು. ಕಾಗದದಲ್ಲಿ ಹೀಗಿದ್ದರೂ ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಇದ್ದ ಕಡೆ ಹತ್ತನೆಯ ಮಕ್ಕಳ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ನಮ್ಮ ಸಮುದಾಯದವರೇ ನಡೆಸುವ ಹೈಸ್ಕೂಲುಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ಸ್ಮಾರ್ಟ್ ಬೋರ್ಡ್, ಬಸ್ಸು, ಗೇಟು ಎಲ್ಲ ಇದೆ. ಒಬ್ಬ ಒಳ್ಳೆಯ ಡ್ರಾಯಿಂಗ್ ಟೀಚರ್ ಇದ್ದಾರಾ ಎಂದು ಆಡಳಿತ ಸಮಿತಿಯವರು ತಮ್ಮನ್ನೇ ಕೇಳಿಕೊಳ್ಳಲಿ. ಜೀವಿಗಳ ಚಿತ್ರದ ಬಗ್ಗೆ ನಮಗೆ ಇರುವ ಗಡಿಯನ್ನು ಮೊದಲೇ ಹೇಳಿ, ಅದರೊಳಗೆ ಪೂರ್ತಿ ಪಾಠಕ್ರಮ ಮಾಡಿ ತೋರಿಸುವ ಅವಕಾಶ ಬೇರೆ ಯಾರಿಗಿಂತಲೂ ಇವರಿಗೆ ಹೆಚ್ಚು.

ಸಮಯ ಇಲ್ಲ ಎಂಬ ಮಾತು ಸುಳ್ಳಲ್ಲ. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಮಗು ಮನೆಗೆ ಬರುವಾಗ ಮಗ್ರಿಬ್ ಆಗಿರುತ್ತದೆ. ಇನ್ನೊಂದು ಕ್ಲಾಸಿಗೆ ದುಡ್ಡು ಕೊಟ್ಟು ಸೇರಿಸಿ ಎಂದು ನಾವು ಹೇಳುತ್ತಿಲ್ಲ. ಶಾಲೆಯ ಒಳಗೆ ಸಿಗುವ ಕ್ಲಾಸನ್ನು ತಪ್ಪಿಸಬೇಡಿ ಎಂದಷ್ಟೇ ಕೇಳುತ್ತಿದ್ದೇವೆ. ಒಂದು ಪುಸ್ತಕ, ಎರಡು ಪೆನ್ಸಿಲ್, ಒಂದು ಡಬ್ಬಿ ಬಣ್ಣ. ಮೊಬೈಲಿಗೆ ಒಂದು ತಿಂಗಳು ಹಾಕುವ ರಿಚಾರ್ಜಿನಷ್ಟೂ ಇಲ್ಲ. ಪೆನ್ಸಿಲ್ ಹಿಡಿದ ಅರ್ಧ ಗಂಟೆ ಆ ಮಗುವಿನ ಕೈಯಲ್ಲಿ ಮೊಬೈಲೂ ಇರುವುದಿಲ್ಲ.

ಮದ್ರಸಗಳಲ್ಲೂ ಸ್ವಲ್ಪ ಜಾಗ ಮಾಡಬಹುದು. ವಾರಕ್ಕೆ ಒಂದು ದಿನ ಕಾಲು ಗಂಟೆ ಕ್ಯಾಲಿಗ್ರಫಿಗೆ ಕೊಟ್ಟರೆ ಮಕ್ಕಳ ಅರಬಿ ಕೈಬರಹವೂ ಸುಧಾರಿಸುತ್ತದೆ. ಸ್ಪರ್ಧೆಯ ಹಿಂದಿನ ವಾರ ಮಾತ್ರ ನಾಲ್ಕು ಮಕ್ಕಳನ್ನು ಕೂರಿಸಿ ತಯಾರು ಮಾಡುವುದರ ಬದಲು ಎಲ್ಲರಿಗೂ ಕಲಿಸಬಹುದು. ಮಸೀದಿಯ ಗೋಡೆಗೆ ಬೇಕಾದ ಬರಹವನ್ನು ನಮ್ಮದೇ ಮದ್ರಸದಲ್ಲಿ ಓದಿದವನು ಬರೆದರೆ ಜಮಾಅತಿಗೆ ಆಗುವ ಸಂತೋಷ ದುಡ್ಡು ಕೊಟ್ಟು ತಂದದ್ದರಲ್ಲಿ ಇರುವುದಿಲ್ಲ.

ಅಲ್ಲಾಹು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂಬ ಅರ್ಥದ ಹದೀಸನ್ನು ಜುಮುಅಃ ಖುತುಬಾದಲ್ಲಿ, ಮತಪ್ರಸಂಗದಲ್ಲಿ ನಾವೆಲ್ಲ ಕೇಳಿದವರು. ಆ ಸೌಂದರ್ಯವನ್ನು ನೋಡಲು ಕಣ್ಣು ಕಲಿಯಬೇಕು. ಒಂದು ಹಲಸಿನ ಎಲೆಯನ್ನು ಎದುರಿಗಿಟ್ಟು ಅರ್ಧ ಗಂಟೆ ಅದರ ನರ, ಅಂಚು, ಬಣ್ಣ ನೋಡಿ ಬಿಡಿಸಿದ ಮಗು, ಅದನ್ನು ಸೃಷ್ಟಿಸಿದವನ ಕೆಲಸ ಎಷ್ಟು ನಯವಾದದ್ದು ಎಂದು ನಾವು ಬಾಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ತಿಳಿದುಕೊಳ್ಳುತ್ತದೆ.

ಈ ವಾರ ಒಂದು ಕೆಲಸ ಮಾಡಿ. ಮಕ್ಕಳ ಶಾಲೆಯ ಚೀಲದಲ್ಲಿ ಡ್ರಾಯಿಂಗ್ ಪುಸ್ತಕ ಇದ್ದರೆ ತೆಗೆಸಿ, ಪಕ್ಕದಲ್ಲಿ ಕೂತು ಒಂದೊಂದೇ ಪುಟ ನೋಡಿ. ನಮ್ಮ ಗಡಿಯ ಹೊರಗಿನದ್ದು ಏನಾದರೂ ಇದ್ದರೆ ಪ್ರೀತಿಯಿಂದ ತಿಳಿಸಿ ಹೇಳಿ. ಉಳಿದದ್ದಕ್ಕೆ "ಚಂದ ಆಗಿದೆ ಮೋನೇ, ಚಂದ ಆಗಿದೆ ಮೋಳೇ" ಎಂದು ಒಂದು ಮಾತು ಹೇಳಿ. ಪುಸ್ತಕವೇ ಇಲ್ಲದಿದ್ದರೆ ಎಂತಕ್ಕೆ ಇಲ್ಲ ಎಂದು ಶಾಲೆಯಲ್ಲಿ ಕೇಳಿ.